ಕವಿತೆ ಬರೆಯಲು ಯಾರ ಅಪ್ಪಣೆ ಬೇಕು?

2019ರ ಆಗಸ್ಟ್ ತಿಂಗಳಲ್ಲಿ ಕೇರಳದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಎಂಬ ಕಥೋಲಿಕ ಸಂನ್ಯಾಸಿನಿಯರ ಸಭೆ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು ಹೊರಹಾಕಿತು. ವಯನಾಡು ಜಿಲ್ಲೆಯ ಕಾರಕ್ಕಾಮಲದ ಕಾನ್ವೆಂಟಿನಲ್ಲಿದ್ದ ಅವರು ಗಣಿತದ ಶಿಕ್ಷಕಿ. ಅದರ ಹಿಂದಿನ ವರ್ಷ, ಅತ್ಯಾಚಾರದ ಆರೋಪ ಹೊತ್ತಿದ್ದ ಜಲಂಧರದ ಆಗಿನ ಬಿಷಪ್ ಫ್ರಾಂಕೊ ಮುಳಯ್ಕಲ್ ಅವರನ್ನು ಬಂಧಿಸಬೇಕೆಂದು ಕೊಚ್ಚಿಯಲ್ಲಿ ಸಿಸ್ಟರ್‌ಗಳು ಧರಣಿ ಕೂತಾಗ, ಅವರ ಬೆಂಬಲಕ್ಕೆ ಲೂಸಿ ಹೋಗಿದ್ದರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಆ ಧರಣಿಯ ವಿಷಯವೇ. ಆದರೆ ಸಭೆ ಅವರ ಮೇಲೆ ಹೊರಿಸಿದ ಆರೋಪಗಳ ಪಟ್ಟಿಯಲ್ಲಿ ಬೇರೆ ಕೆಲವು ಸಾಲುಗಳೂ ಇದ್ದವು. ಅನುಮತಿ ಇಲ್ಲದೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡದ್ದು, ಕಾರು ಕೊಂಡದ್ದು, ಅನುಮತಿ ಇಲ್ಲದೆ ಒಂದು ಕವನ ಸಂಕಲನ ಪ್ರಕಟಿಸಿದ್ದು. ಆ ಪುಸ್ತಕದ ಹೆಸರು 'ಸ್ನೇಹಮಳಯಿಲ್', ಅಂದರೆ 'ಪ್ರೀತಿಯ ಮಳೆಯಲ್ಲಿ'.

ಮುಂದೆ ನಡೆದದ್ದು ಹಲವರಿಗೆ ಗೊತ್ತಿದೆ. ಲೂಸಿ ವ್ಯಾಟಿಕನ್‌ಗೆ ಸಲ್ಲಿಸಿದ ಮೇಲ್ಮನವಿಗಳು ತಿರಸ್ಕೃತವಾದವು. ಮುಳಯ್ಕಲ್ ಅವರನ್ನು 2022ರ ಜನವರಿಯಲ್ಲಿ ಕೋಟ್ಟಯಂ ನ್ಯಾಯಾಲಯ ಖುಲಾಸೆಗೊಳಿಸಿತು, ಮರುವರ್ಷ ಅವರು ಬಿಷಪ್ ಪದವಿಗೆ ರಾಜೀನಾಮೆ ಕೊಟ್ಟರು. ಈ ಎರಡು ಪ್ರಕರಣಗಳ ಸರಿತಪ್ಪು ತೂಗುವುದು ಈ ಲೇಖನದ ಉದ್ದೇಶವಲ್ಲ. ನಾನು ನೋಡಹೊರಟಿರುವುದು ಕವನ ಸಂಕಲನದ ಆ ಒಂದು ಸಾಲನ್ನು. ಕಾರು, ಲೈಸೆನ್ಸ್‌ಗಳ ಜೊತೆಗೆ ಕವಿತೆಯೂ ಶಿಸ್ತುಭಂಗದ ಪಟ್ಟಿ ಸೇರಿದ್ದನ್ನು ಹೆಚ್ಚಿನವರು ಸಣ್ಣ ವಿಷಯವೆಂದು ದಾಟಿಹೋದರು. ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ. ಕ್ರೈಸ್ತ ಪರಂಪರೆಯಲ್ಲಿ ಬರೆದ ಹೆಣ್ಣುಮಕ್ಕಳ ಮುಂದೆ ನೂರಾರು ವರ್ಷಗಳಿಂದ ನಿಂತಿರುವ ಪ್ರಶ್ನೆಯೇ ಅದು. ಕವಿತೆ ಹೇಗಿದೆ ಎಂದು ಕೇಳುವ ಮೊದಲೇ, ಬರೆಯಲು ನಿನಗೆ ಅನುಮತಿ ಕೊಟ್ಟವರು ಯಾರು ಎಂದು ಅವಳನ್ನು ಕೇಳಲಾಗುತ್ತದೆ.

ನಿಯಮ ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಕಥೋಲಿಕ ಧರ್ಮಸಭೆಯಲ್ಲಿ ಸಂನ್ಯಾಸ ಸ್ವೀಕರಿಸುವವರು, ಗಂಡಾಗಲಿ ಹೆಣ್ಣಾಗಲಿ, ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಡುತ್ತಾರೆ. ಧರ್ಮ ಅಥವಾ ನೀತಿಗೆ ಸಂಬಂಧಿಸಿದ ಬರಹವನ್ನು ಪ್ರಕಟಿಸಬೇಕಾದರೆ ಮೇಲಧಿಕಾರಿಯ ಅನುಮತಿ ಬೇಕು ಎಂದು 1983ರ ಲ್ಯಾಟಿನ್ ಧರ್ಮಸಂಹಿತೆಯ 832ನೇ ನಿಯಮ ಹೇಳುತ್ತದೆ. ಲೂಸಿಯವರ ಸಭೆ ಸೇರಿರುವ, ಕಥೋಲಿಕರ ಪೌರಸ್ತ್ಯ ಶಾಖೆಗಳಲ್ಲೊಂದಾದ ಸಿರೋ-ಮಲಬಾರ್ ಧರ್ಮಸಭೆಗೆ 1990ರ ಪೌರಸ್ತ್ಯ ಸಂಹಿತೆ ಅನ್ವಯಿಸುತ್ತದೆ. ಅಲ್ಲೂ ವಿಧೇಯತೆಯ ವ್ರತ ಹಾಗೆಯೇ ಇದೆ. ಯಾರೂ ಬಲವಂತವಾಗಿ ತೊಡಿಸಿದ ವ್ರತವಲ್ಲವಲ್ಲ, ಒಪ್ಪಿಕೊಂಡು ಬಂದ ಮೇಲೆ ಪಾಲಿಸಬೇಕು ಎಂದು ಸಭೆಯ ಪರವಾಗಿ ಹೇಳುವವರ ಮಾತಿಗೆ ತೂಕವಿದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ.

ಆದರೆ ದೇವರಿಗೆ ಬದುಕನ್ನು ಒಪ್ಪಿಸಿಕೊಂಡ ಹೆಂಗಸು ಬರೆಯುವ ಕವಿತೆಯಲ್ಲಿ 'ಧರ್ಮಕ್ಕೆ ಸಂಬಂಧಿಸಿದ್ದು' ಎಲ್ಲಿ ಮುಗಿಯುತ್ತದೆ? ಮಳೆಯ ಬಗ್ಗೆ ಬರೆದರೂ ಅದು ದೇವರ ಮಳೆಯೇ. ಪ್ರೀತಿಯ ಬಗ್ಗೆ ಬರೆದರೆ ಯಾರ ಪ್ರೀತಿ ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ನೀತಿಯೂ ಬಂದಂತಾಯಿತು. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕೆಂದಾಗಲಿ, ಇಷ್ಟು ದಿನದೊಳಗೆ ಉತ್ತರಿಸಬೇಕೆಂದಾಗಲಿ 832ನೇ ನಿಯಮದಲ್ಲಿ ಇಲ್ಲ. ನಿಯಮ ಹೀಗೆ ಸಡಿಲವಾಗಿದ್ದಾಗ ಕವಿತೆಯ ಗತಿ ನಿಂತಿರುವುದು ಮೇಲೆ ಕೂತವರ ಮನಸ್ಸಿನ ಮೇಲೆ.

ಗಂಡಸರಿಗೂ ಇದೇ ನಿಯಮವಲ್ಲವೇ ಎಂದು ಕೇಳಬಹುದು. ಹೌದು, ಗಂಡಸರೂ ಅನುಭವಿಸಿದ್ದಾರೆ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1868ರಲ್ಲಿ ಜೆಸ್ವಿಟ್ ಎಂಬ ಕಥೋಲಿಕ ಪಾದ್ರಿಗಳ ಸಭೆ ಸೇರುವ ಮುನ್ನ ತನ್ನ ಕವಿತೆಗಳನ್ನು ಸುಟ್ಟ. ಏಳು ವರ್ಷ ಹೆಚ್ಚುಕಡಿಮೆ ಏನೂ ಬರೆಯಲಿಲ್ಲ. 1875ರ ಡಿಸೆಂಬರ್‌ನಲ್ಲಿ 'ಡಾಯ್ಚ್‌ಲ್ಯಾಂಡ್' ಹಡಗು ಒಡೆದು, ಜರ್ಮನಿಯಿಂದ ಗಡಿಪಾರಾಗಿದ್ದ ಐವರು ಫ್ರಾನ್ಸಿಸ್ಕನ್ ಸಿಸ್ಟರ್‌ಗಳು ಮುಳುಗಿ ಸತ್ತರು. ಇದರ ಮೇಲೆ ಯಾರಾದರೂ ಒಂದು ಕವಿತೆ ಬರೆದರೆ ಚೆನ್ನ ಎಂದು ಅವನ ಹಿರಿಯರೊಬ್ಬರು ಅಂದದ್ದನ್ನೇ ಅಪ್ಪಣೆ ಎಂದುಕೊಂಡು ಅವನು ಮತ್ತೆ ಲೇಖನಿ ಹಿಡಿದ. ಆ ಕವಿತೆಯನ್ನು ಅವನದೇ ಸಭೆಯ ಪತ್ರಿಕೆ ಪ್ರಕಟಿಸಲಿಲ್ಲ. ಅವನ ಸಂಕಲನ ಹೊರಬಂದದ್ದು 1918ರಲ್ಲಿ, ಅವನು ಸತ್ತು ಇಪ್ಪತ್ತೊಂಬತ್ತು ವರ್ಷವಾದ ಮೇಲೆ. ಆ ನೋವು ದೊಡ್ಡದು. ಆದರೂ ಹಾಪ್ಕಿನ್ಸ್‌ಗೆ ಪ್ರಬೋಧನೆ ಮಾಡಲು ವೇದಿಕೆ ಇತ್ತು, ಡಬ್ಲಿನ್ನಿನಲ್ಲಿ ಪ್ರಾಧ್ಯಾಪಕನ ಹುದ್ದೆ ಇತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೆರಡು ತೆರೆದಿದ್ದವು. ಪೂಜಾವೇದಿಕೆಗೆ ಏರಲಾಗದ, ಪ್ರಬೋಧನೆ ಮಾಡಲಾಗದ ಹೆಣ್ಣಿಗೆ ಕವಿತೆಯೇ ಒಂದು ಬಾಗಿಲು. ಅದು ಮುಚ್ಚಿದರೆ ಎಲ್ಲವೂ ಮುಚ್ಚಿದಂತೆ.

ಇಲ್ಲಿ ಕ್ರೈಸ್ತ ನಂಬಿಕೆಯ ಒಳಗೇ ಇರುವ ಒಂದು ತಿಕ್ಕಾಟವನ್ನು ಗಮನಿಸಬೇಕು. ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 14ನೇ ಅಧ್ಯಾಯದಲ್ಲಿ, ಹೆಂಗಸರು ಸಭೆಗಳಲ್ಲಿ ಮೌನವಾಗಿರಬೇಕು ಎಂಬ ಮಾತಿದೆ. ಹೆಣ್ಣಿನ ಬಾಯಿ ಮುಚ್ಚಿಸಲು ಅತಿ ಹೆಚ್ಚು ಬಳಕೆಯಾದ ವಾಕ್ಯ ಅದು. ಅದೇ ಬೈಬಲ್ಲಿನಲ್ಲಿ ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹಾಡುತ್ತಾಳೆ, ನ್ಯಾಯಸ್ಥಾಪಕರ ಗ್ರಂಥದಲ್ಲಿ ದೆಬೋರಳ ವಿಜಯಗೀತೆ ಇದೆ, ಮಗುವಿಗಾಗಿ ಅತ್ತ ಹನ್ನಳ ಹಾಡಿದೆ. ಹೀಬ್ರೂ ಕಾವ್ಯದ ಅತಿ ಹಳೆಯ ತುಣುಕುಗಳಲ್ಲಿ ದೆಬೋರಳ ಹಾಡನ್ನೂ ವಿದ್ವಾಂಸರು ಎಣಿಸುತ್ತಾರೆ. ಇನ್ನು ಲೂಕನ ಶುಭಸಂದೇಶದ ಮೊದಲನೇ ಅಧ್ಯಾಯದಲ್ಲಿ ಮರಿಯಳ ಸ್ತುತಿಗೀತೆ. ಮದುವೆಗೆ ಮೊದಲೇ ಬಸುರಾದ, ನಜರೇತಿನ ಬಡ ಹುಡುಗಿ ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುವ, ಹಸಿದವರಿಗೆ ಉಣಿಸುವ ದೇವರನ್ನು ಹಾಡುತ್ತಾಳೆ. ಈ ಹಾಡನ್ನು ಧರ್ಮಸಭೆ ಪ್ರತಿದಿನ ಸಂಜೆಯ ಪ್ರಾರ್ಥನೆಯಲ್ಲಿ ಹಾಡುತ್ತ ಬಂದಿದೆ. ಪೋಪರಿಂದ ಹಿಡಿದು ಹಳ್ಳಿಯ ಸಿಸ್ಟರ್‌ವರೆಗೆ ಎಲ್ಲರ ಬಾಯಲ್ಲೂ ದಿನವೂ ಒಬ್ಬ ಹೆಣ್ಣಿನ ಕವಿತೆ. ಕ್ರೈಸ್ತ ಕವಯಿತ್ರಿಯರು ತಮ್ಮ ಹಕ್ಕನ್ನು ಹೊರಗಿನಿಂದ ತರಬೇಕಾಗಿಲ್ಲ ಎಂದು ನಾನು ನಂಬುವುದು ಇದರಿಂದಲೇ.

ಕನ್ಯಾಮಠ ಬರೀ ಸೆರೆಮನೆಯಾಗಿತ್ತು ಎಂದು ಹೇಳುವವರೂ ಚರಿತ್ರೆಗೆ ಅನ್ಯಾಯ ಮಾಡುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಹೆಣ್ಣಿಗೆ ಓದು, ಸಂಗೀತ, ಪುಸ್ತಕ, ಒಂದು ಕೋಣೆ, ಹೆರಿಗೆಯಿಂದ ಬಿಡುಗಡೆ ಇಷ್ಟೂ ಒಟ್ಟಿಗೆ ಸಿಗಬಹುದಾಗಿದ್ದ ಜಾಗ ಅದೊಂದೇ. ಜರ್ಮನಿಯ ಹಿಲ್ಡೆಗಾರ್ಡ್ (1098-1179) ಅಲ್ಲಿಯೇ ಎಪ್ಪತ್ತಕ್ಕೂ ಹೆಚ್ಚು ಭಕ್ತಿಗೀತೆಗಳಿಗೆ ಸಾಹಿತ್ಯವನ್ನೂ ರಾಗವನ್ನೂ ಕಟ್ಟಿದಳು. ಎಂಬತ್ತರ ಆಸುಪಾಸಿನ ಮುದುಕಿಯಾಗಿದ್ದಾಗ, ಬಹಿಷ್ಕೃತನೆಂದು ಹೇಳಲಾದ ಒಬ್ಬನನ್ನು ಮಠದ ಸ್ಮಶಾನದಲ್ಲಿ ಹೂಳಲು ಬಿಟ್ಟಳು ಎಂಬ ಕಾರಣಕ್ಕೆ ಮೈನ್ಸ್ ಪಟ್ಟಣದ ಧರ್ಮಾಧಿಕಾರಿಗಳು ಅವಳ ಮಠದಲ್ಲಿ ಹಾಡುವುದನ್ನೇ ನಿಷೇಧಿಸಿದರು. ದೇವರ ಸ್ತುತಿಯನ್ನು ತಡೆಯುವವರು ಪರಲೋಕದಲ್ಲಿ ದೇವದೂತರ ಜೊತೆ ಹಾಡುವ ಅವಕಾಶ ಕಳೆದುಕೊಳ್ಳುತ್ತಾರೆ ಎಂಬರ್ಥದಲ್ಲಿ ಅವಳು ಪತ್ರ ಬರೆದಳು. ಸಾಯುವ ಕೆಲವು ತಿಂಗಳ ಮೊದಲು ನಿಷೇಧ ತೆರವಾಯಿತು.

ಈ ಇಡೀ ಕಥೆಯ ಅತಿ ತೀಕ್ಷ್ಣ ರೂಪವನ್ನು ನೋಡಬೇಕಾದರೆ ಹದಿನೇಳನೇ ಶತಮಾನದಲ್ಲಿ ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೊಗೆ ಹೋಗಬೇಕು.

ಹುವಾನಾ ಇನೆಸ್ ಎಂಬ ಹುಡುಗಿ ಮೂರನೇ ವಯಸ್ಸಿಗೇ ಅಕ್ಕನ ಹಿಂದೆ ಹೋಗಿ ಓದು ಕಲಿತವಳು. ಗಂಡುಹುಡುಗನ ವೇಷ ತೊಡಿಸಿ ತನ್ನನ್ನು ವಿಶ್ವವಿದ್ಯಾಲಯಕ್ಕೆ ಕಳಿಸು ಎಂದು ತಾಯಿಯನ್ನು ಪೀಡಿಸಿದವಳು. ಅಂದುಕೊಂಡ ಪಾಠ ಅಂದುಕೊಂಡ ದಿನಕ್ಕೆ ಬಾರದಿದ್ದರೆ, ಅರಿವಿಲ್ಲದ ತಲೆಗೆ ಕೂದಲಿನ ಅಲಂಕಾರ ಯಾಕೆ ಎಂದು ತನ್ನ ಕೂದಲನ್ನೇ ಕತ್ತರಿಸಿಕೊಳ್ಳುತ್ತಿದ್ದಳು. ವೈಸರಾಯ್ ಅರಮನೆಯಲ್ಲಿ ಕವಿಯೆಂದು ಹೆಸರು ಮಾಡಿ, 1669ರಲ್ಲಿ ಸಂತ ಜೆರೋಮರ ಮಠ ಸೇರಿದಳು. ಮದುವೆ ತನಗೆ ಕಿಂಚಿತ್ತೂ ಬೇಡವಾಗಿತ್ತು, ಓದಲು ಮಠ ಸರಿಯೆನಿಸಿತು ಎಂದು ಆಕೆಯೇ ಮುಂದೆ ಬರೆದಳು. ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಜ್ ಎಂಬುದು ಆಕೆಯ ಮಠದ ಹೆಸರು, 'ಸೋರ್' ಎಂದರೆ ಸಿಸ್ಟರ್. ಮಠದೊಳಗಿನಿಂದಲೇ ನಾಟಕ, ಪ್ರೇಮಕವಿತೆ, ತತ್ತ್ವಕಾವ್ಯ, ಚರ್ಚುಗಳಿಗೆ ಹಬ್ಬದ ಹಾಡು ಬರೆದಳು. ವೈಸರಾಯ್ ಪತ್ನಿ ಮರೀಯ ಲೂಯಿಸಾ ಆಸ್ಥೆ ವಹಿಸಿದ್ದರಿಂದ 1689ರಲ್ಲಿ ಆಕೆಯ ಕವಿತೆಗಳು ಮ್ಯಾಡ್ರಿಡ್‌ನಲ್ಲಿ ಅಚ್ಚಾದವು.

ಇಷ್ಟರವರೆಗೆ ಅಸಮಾಧಾನಗಳಿದ್ದರೂ ಸಹಿಸಲಾಗಿತ್ತು. ತಪ್ಪೊಪ್ಪಿಗೆ ಕೇಳುತ್ತಿದ್ದ ಜೆಸ್ವಿಟ್ ಪಾದ್ರಿ ಆಂಟೋನಿಯೊ ನೂನ್ಯೆಜ್ ತನ್ನ ಬರವಣಿಗೆಯನ್ನು ಅಲ್ಲಲ್ಲಿ ಆಡಿಕೊಳ್ಳುತ್ತಿದ್ದಾನೆಂದು ತಿಳಿದಾಗ ಹುವಾನಾ ಅವನನ್ನೇ ಬಿಟ್ಟಳು. ಆ ಕಾಲದಲ್ಲಿ ಒಬ್ಬ ಸಂನ್ಯಾಸಿನಿ ಮಾಡಿದ ಅಸಾಧಾರಣ ಕೆಲಸ ಅದು. ಬಿರುಗಾಳಿ ಎದ್ದದ್ದು 1690ರಲ್ಲಿ. ಪೋರ್ಚುಗೀಸ್ ಜೆಸ್ವಿಟ್ ಆಂಟೋನಿಯೊ ವಿಯೇರ ಹಿಂದೆ ಮಾಡಿದ್ದ ಒಂದು ಪ್ರಬೋಧನೆಯನ್ನು ಆಕೆ ತರ್ಕಬದ್ಧವಾಗಿ ವಿಮರ್ಶಿಸಿದ್ದ ಬರಹವನ್ನು ಪ್ಯೂಬ್ಲದ ಬಿಷಪ್ ಅಚ್ಚು ಹಾಕಿಸಿದ. ಅದಕ್ಕೆ ಮುನ್ನುಡಿಯಾಗಿ ಒಂದು ಪತ್ರ ಸೇರಿಸಿದ. ಲೌಕಿಕ ಕಾವ್ಯದಲ್ಲಿ ಕಾಲ ಕಳೆದದ್ದು ಸಾಕು, ಪವಿತ್ರ ಗ್ರಂಥಗಳ ಕಡೆ ಗಮನ ಕೊಡು ಎಂಬುದು ಅದರ ತಿರುಳು. ಆ ಪತ್ರಕ್ಕೆ ಅವನು 'ಸೋರ್ ಫಿಲೋತೆಯ' ಎಂಬ ಹೆಣ್ಣಿನ ಹೆಸರಲ್ಲಿ ಸಹಿ ಹಾಕಿದ. ಬುದ್ಧಿ ಹೇಳುವ ಅಧಿಕಾರ ಬಿಷಪ್‌ನದು, ಮೇಲೆ ಹೊದ್ದದ್ದು ಸಂನ್ಯಾಸಿನಿಯ ಮುಸುಕು. ಹೆಣ್ಣನ್ನು ಹೆಣ್ಣಿನ ಕೈಯಿಂದಲೇ ತಿದ್ದಿಸಿದಂತೆ ತೋರಿಸುವ ಈ ಜಾಣತನ ಹೊರಗೂ ಒಳಗೂ ಇಂದಿಗೂ ಸತ್ತಿಲ್ಲ.

1691ರ ಮಾರ್ಚ್ 1ರ ದಿನಾಂಕ ಹಾಕಿ ಹುವಾನಾ ಉತ್ತರ ಬರೆದಳು. ವಿನಯದ ಮಾತುಗಳೊಳಗೆ ಆ ಉತ್ತರ ಒಂದು ವಾದಪತ್ರ. ಬೈಬಲ್ಲಿನ, ಗ್ರೀಕರ, ರೋಮನ್ನರ ಪಂಡಿತೆಯರ ಸಾಲನ್ನೇ ಎದುರಿಗಿಡುತ್ತಾಳೆ. ಪುಸ್ತಕ ಮುಟ್ಟಬೇಡ ಎಂದು ಹಿಂದೊಮ್ಮೆ ಮಠದ ಹಿರಿಯಳು ಆಜ್ಞೆ ಮಾಡಿದಾಗ ಅಡುಗೆಮನೆಯಲ್ಲಿ ಮೊಟ್ಟೆ ಎಣ್ಣೆಯಲ್ಲಿ ಹೇಗೆ ಕೂಡಿಕೊಳ್ಳುತ್ತದೆ, ಸಕ್ಕರೆ ಪಾಕದಲ್ಲಿ ಹೇಗೆ ಬಿಡುತ್ತದೆ ಎಂದು ನೋಡುತ್ತಲೇ ಪ್ರಕೃತಿಯ ನಿಯಮ ಕಲಿತದ್ದನ್ನು ಹೇಳುತ್ತಾಳೆ. ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದ ಎಂಬ ಆಕೆಯ ಮಾತು ಇದೇ ಪತ್ರದ್ದು. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂಬ ಪೌಲನ ಮಾತು ಸಾರ್ವಜನಿಕ ಪ್ರಬೋಧನೆಗೆ ಸಂಬಂಧಿಸಿದ್ದು, ಓದುವುದಕ್ಕೂ ಬರೆಯುವುದಕ್ಕೂ ಅದು ತಡೆಯಲ್ಲ ಎಂದು ವಾದಿಸುತ್ತಾಳೆ. ಅದೇ ವರ್ಷ ಒಹಾಕ ಪಟ್ಟಣದ ಚರ್ಚಿಗಾಗಿ ಆಕೆ ಬರೆದ ಹಬ್ಬದ ಹಾಡುಗಳ ನಾಯಕಿ ಅಲೆಗ್ಸಾಂಡ್ರಿಯಾದ ಸಂತ ಕ್ಯಾಥರೀನ್, ದಂತಕಥೆಯ ಪ್ರಕಾರ ಗಂಡಸು ಪಂಡಿತರನ್ನೆಲ್ಲ ವಾದದಲ್ಲಿ ಸೋಲಿಸಿದವಳು. ಇದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಆಮೇಲಿನ ನಾಲ್ಕು ವರ್ಷ ನೋವಿನವು. ಬೆನ್ನಿಗಿದ್ದ ವೈಸರಾಯ್ ದಂಪತಿ ಸ್ಪೇನಿಗೆ ಮರಳಿಯಾಗಿತ್ತು. ಮೆಕ್ಸಿಕೊ ಪಟ್ಟಣದಲ್ಲಿ ಆಹಾರಕ್ಕಾಗಿ ದಂಗೆಗಳಾದವು. ಬಿಟ್ಟಿದ್ದ ತಪ್ಪೊಪ್ಪಿಗೆಯ ಪಾದ್ರಿಯನ್ನೇ ಆಕೆ ಮತ್ತೆ ಕರೆಸಿಕೊಳ್ಳಬೇಕಾಯಿತು. ಪುಸ್ತಕಗಳು ಮಾರಾಟವಾದವು. 1694ರಲ್ಲಿ ವ್ರತಗಳನ್ನು ನವೀಕರಿಸಿ ತನ್ನ ರಕ್ತದಲ್ಲೇ ಸಹಿ ಹಾಕಿದಳು. 1695ರ ಏಪ್ರಿಲ್‌ನಲ್ಲಿ, ಮಠಕ್ಕೆ ಬಂದ ಸಾಂಕ್ರಾಮಿಕದಲ್ಲಿ ಸಹೋದರಿಯರ ಆರೈಕೆ ಮಾಡುತ್ತ ತಾನೂ ತೀರಿಕೊಂಡಳು. ಈ ಮೌನ ಬಲವಂತದ್ದೋ ನಿಜವಾದ ಮನಪರಿವರ್ತನೆಯೋ ಎಂದು ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ಎರಡೂ ಒಂದರೊಳಗೊಂದು ಬೆರೆತಿರಬಹುದು ಎಂದು ನನಗೆ ತೋರುತ್ತದೆ. ನಂಬಿಕೆ ಆಕೆಗೆ ತೋರಿಕೆಯ ವೇಷವಾಗಿರಲಿಲ್ಲ. ಹಾಗಾಗಿಯೇ ಅದರ ಹೆಸರಲ್ಲಿ ಬಂದ ಒತ್ತಡ ಅಷ್ಟು ಆಳಕ್ಕೆ ಇಳಿಯಿತು. ಬಿಷಪ್‌ಗೆ ಬರೆದ ಉತ್ತರ ಅಚ್ಚಾದದ್ದು 1700ರಲ್ಲಿ. ಇಂದು ಮೆಕ್ಸಿಕೊದ ನೂರು ಪೆಸೊ ನೋಟಿನ ಮೇಲೆ ಆಕೆಯ ಚಿತ್ರವಿದೆ.

ಧರ್ಮಸಭೆ ಬರೆದ ಹೆಣ್ಣುಮಕ್ಕಳನ್ನು ಗುರುತಿಸಿಲ್ಲ ಎನ್ನುವಂತಿಲ್ಲ. ಗುರುತಿಸಿದ ರೀತಿ ಮತ್ತು ಹೊತ್ತು ನೋಡಬೇಕು. 'ಧರ್ಮಸಭೆಯ ಪಂಡಿತರು' ಎಂಬ ಅತ್ಯುಚ್ಚ ಪದವಿ ಇಂದು 38 ಜನರಿಗಿದೆ. ಅವರಲ್ಲಿ ಹೆಂಗಸರು ನಾಲ್ವರು. ಆವಿಲದ ತೆರೇಸಾ ಮತ್ತು ಸಿಯೆನಾದ ಕ್ಯಾಥರೀನ್ ಇಬ್ಬರಿಗೂ 1970ರಲ್ಲಿ, ಲಿಸ್ಯೂದ ತೆರೇಸಾಗೆ 1997ರಲ್ಲಿ, ಹಿಲ್ಡೆಗಾರ್ಡ್‌ಗೆ 2012ರಲ್ಲಿ ಆ ಪದವಿ ಬಂತು. ಈ ನಾಲ್ವರಲ್ಲಿ ಮೂವರು ಕವಿತೆ ಬರೆದವರು. ಆವಿಲದ ತೆರೇಸಾ ತಪ್ಪೊಪ್ಪಿಗೆಯ ಪಾದ್ರಿಗಳ ಅಪ್ಪಣೆಯ ಮೇರೆಗೆ ಬರೆಯುತ್ತಿದ್ದೇನೆ ಎಂದು ಮತ್ತೆ ಮತ್ತೆ ಹೇಳಿಕೊಂಡಳು, ಯಾಕೆಂದರೆ ಆಕೆಗಿದ್ದ ರಕ್ಷಣೆ ಅದೊಂದೇ. ಆದರೂ ಬೈಬಲ್ಲಿನ ಪ್ರೇಮಕಾವ್ಯವಾದ ಪರಮಗೀತೆಯ ಮೇಲಿನ ಧ್ಯಾನವನ್ನು ಸುಟ್ಟುಹಾಕು ಎಂದು ಒಬ್ಬ ಪಾದ್ರಿ ಹೇಳಿದಾಗ ಸುಟ್ಟಳು. ಬೇರೆಯವರ ಬಳಿ ನಕಲುಗಳಿದ್ದದ್ದರಿಂದ ಅದು ಉಳಿಯಿತು. ಆಕೆಯ ಆತ್ಮಕಥೆಯ ಹಸ್ತಪ್ರತಿ ವರ್ಷಗಟ್ಟಲೆ, ಧರ್ಮದ್ರೋಹವನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್‌ನ ವಶದಲ್ಲಿತ್ತು.

ಲಿಸ್ಯೂದ ತೆರೇಸಾಳದು ಬೇರೆ ಬಗೆಯ ಕಥೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಕ್ಷಯದಿಂದ ಸತ್ತ ಈಕೆ ಮಠದ ಹಬ್ಬಹರಿದಿನಗಳಿಗೆ, ಸಹೋದರಿಯರು ಕೇಳಿದಾಗ, ಐವತ್ತಕ್ಕೂ ಹೆಚ್ಚು ಕವಿತೆಗಳನ್ನು ಬರೆದಳು. ಜಗತ್ತಿಗೆ ಆಕೆಯನ್ನು ಪರಿಚಯಿಸಿದ ಆತ್ಮಕಥೆ 1898ರಲ್ಲಿ ಬಂದಾಗ ಅದರಲ್ಲಿ ಅಕ್ಕ ಪೌಲೀನಳ ಸಾವಿರಾರು ತಿದ್ದುಪಡಿಗಳಿದ್ದವು. ಮೂಲ ಬರಹ ಹೊರಬಂದದ್ದು 1956ರಲ್ಲಿ. ಅಕ್ಕನಿಗೆ ತಂಗಿಯ ಮೇಲೆ ಪ್ರೀತಿ ಇತ್ತು, ಮಠದ ಮರ್ಯಾದೆಯ ಭಯವೂ ಇತ್ತು. ಹಾಗಾಗಿ ಐವತ್ತೆಂಟು ವರ್ಷ ಲೋಕ ಓದಿದ್ದು ತಿದ್ದಿದ ತೆರೇಸಾಳನ್ನು.

ಈಗ ಮತ್ತೆ ಕೇರಳಕ್ಕೆ ಬರೋಣ. ಇಲ್ಲಿ ಒಂದೇ ಹೆಸರಿನ ಇಬ್ಬರು ಕವಯಿತ್ರಿಯರಿದ್ದಾರೆ, ಅವರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮನ್ನಣೆ ಕೆಲಸ ಮಾಡುವ ಬಗೆ ಚೆನ್ನಾಗಿ ತಿಳಿಯುತ್ತದೆ. ಮೇರಿ ಜಾನ್ ತೋಟ್ಟಂ ಶಿಕ್ಷಕಿಯಾಗಿದ್ದು, 1927ರಲ್ಲೇ 'ಗೀತಾವಲಿ' ಎಂಬ ಸಂಕಲನ ತಂದವರು. 1928ರಲ್ಲಿ ಕಾರ್ಮೆಲೈಟ್ ಮಠ ಸೇರಿ ಸಿಸ್ಟರ್ ಮೇರಿ ಬೆನೀಞ್ಞಾ ಆದರು. ಆ ಹೊತ್ತಿನಲ್ಲಿ ಬರೆದ 'ಲೋಕಮೇ ಯಾತ್ರಾ', ಲೋಕಕ್ಕೆ ವಿದಾಯ ಹೇಳುವ ಕವಿತೆ, ಮಲಯಾಳಿಗಳ ಬಾಯಿಪಾಠವಾಯಿತು. ಮಠದಲ್ಲಿದ್ದೇ ಅವರು 'ಮಾರ್ತೋಮಾ ವಿಜಯಂ', 'ಗಾಂಧಿ ಜಯಂತಿ' ಎಂಬ ಮಹಾಕಾವ್ಯಗಳನ್ನೂ ರಚಿಸಿದರು, 1985ರಲ್ಲಿ ತೀರಿಕೊಂಡರು. ಸಂನ್ಯಾಸವೂ ಕಾವ್ಯವೂ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಇವರಿಗಿಂತ ಸಾಕ್ಷಿ ಬೇಡ.

ಇನ್ನೊಬ್ಬರು ಮೇರಿ ಜಾನ್ ಕೂತ್ತಾಟ್ಟುಕುಳಂ, 1905ರಲ್ಲಿ ಹುಟ್ಟಿದವರು, ನಾಟಕಕಾರ ಸಿ.ಜೆ. ತೋಮಸ್ ಅವರ ಅಕ್ಕ. ಇವರು ಲೋಕದಲ್ಲೇ ಉಳಿದು ಲೋಕದ ನೋವನ್ನೂ ಪ್ರೇಮವನ್ನೂ ಬರೆದರು. ಕೇರಳ ಸಾಹಿತ್ಯ ಅಕಾಡೆಮಿ ಇವರ ಸಮಗ್ರ ಸಾಧನೆಯನ್ನು ಗೌರವಿಸಿದ್ದು 1990ರ ದಶಕದಲ್ಲಿ, ಅವರಿಗೆ ತೊಂಬತ್ತರ ಆಸುಪಾಸಿನಲ್ಲಿದ್ದಾಗ. 1998ರಲ್ಲಿ ಅವರು ಹೋದರು. ಲೋಕ ತೊರೆಯುತ್ತೇನೆ ಎಂದ ಹೆಣ್ಣಿನ ಕವಿತೆ ಕೂಡಲೇ ಮನೆಮಾತಾಯಿತು, ಲೋಕದಲ್ಲಿದ್ದು ಬರೆದವಳಿಗೆ ಮುಪ್ಪಿನವರೆಗೆ ಕಾಯಬೇಕಾಯಿತು. ಎರಡನೇ ಮೇರಿ ಜಾನ್ ದಣಿವಿಲ್ಲದೆ ಬರೆದರು ಎಂಬುದಷ್ಟೇ ಅವರ ಮೇಲಿನ ಆರೋಪವಾಗಬಹುದಿತ್ತು.

ಇನ್ನೊಂದು ಸಂಗತಿ. ಭಾರತದ ಮೊದಲ ಮಹಿಳಾ ಸಂತರೆಂದು 2008ರಲ್ಲಿ ಘೋಷಿತರಾದ ಅಲ್ಫೋನ್ಸಾಮ್ಮ, ಲೂಸಿಯವರನ್ನು ಹೊರಹಾಕಿದ ಅದೇ ಕ್ಲಾರಿಸ್ಟ್ ಸಭೆಯವರು. ಕಾಯಿಲೆಯ ನೋವನ್ನು ದೇವರಿಗೆ ಅರ್ಪಿಸಿ ಸಹಿಸಿದ್ದಕ್ಕಾಗಿ ಅವರನ್ನು ಲಕ್ಷಾಂತರ ಜನ ಭಕ್ತಿಯಿಂದ ನೆನೆಯುತ್ತಾರೆ. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಸಹಿಸಿದ ಹೆಣ್ಣಿಗೆ ಸಿಗುವ ಜಾಗ ಮಾತಾಡಿದ ಹೆಣ್ಣಿಗೂ ಸಿಗಬೇಕಲ್ಲವೇ?

ತಪ್ಪೆಲ್ಲ ಚರ್ಚಿನ ಕಡೆಗೇ ಇದೆ ಎಂದರೆ ಅರ್ಧ ಸತ್ಯ ಹೇಳಿದಂತೆ. ಸಾಹಿತ್ಯಲೋಕದ ಬಾಗಿಲಲ್ಲೂ ಕಾವಲುಗಾರರಿದ್ದಾರೆ. ಅಮೆರಿಕದ ಪ್ಯೂರಿಟನ್ ಕವಯಿತ್ರಿ ಆನ್ ಬ್ರ್ಯಾಡ್‌ಸ್ಟ್ರೀಟ್ ಅವಳ ಕವಿತೆಗಳನ್ನು 1650ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಭಾವ, ಈಕೆ ಮನೆಗೆಲಸ ಬಿಟ್ಟು ಬರೆದವಳಲ್ಲ, ನಿದ್ದೆ ಬಿಟ್ಟು ಬರೆದವಳು ಎಂಬರ್ಥದಲ್ಲಿ ಮುನ್ನುಡಿಯಲ್ಲಿ ಖಾತರಿ ಕೊಡಬೇಕಾಯಿತು. ಚಿಲಿ ದೇಶದ ಗೇಬ್ರಿಯೆಲಾ ಮಿಸ್ತ್ರಾಲ್ ಫ್ರಾನ್ಸಿಸ್ಕನ್ ಗೃಹಸ್ಥ ಶಾಖೆಗೆ ಸೇರಿದ ಭಕ್ತೆ. 1945ರಲ್ಲಿ ನೊಬೆಲ್ ಪಡೆದರು, ಲ್ಯಾಟಿನ್ ಅಮೆರಿಕಕ್ಕೆ ಸಾಹಿತ್ಯದಲ್ಲಿ ಬಂದ ಮೊದಲ ನೊಬೆಲ್ ಅದು. ಸ್ವಂತ ದೇಶದ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿ ಅವರಿಗೆ ಬಂದದ್ದು 1951ರಲ್ಲಿ! ಬಂದ ಮೇಲೂ ಅವರನ್ನು ಮಕ್ಕಳ ಟೀಚರ್, ಲಾಲಿಹಾಡಿನ ತಾಯಿ ಎಂಬ ಚೌಕಟ್ಟಿನಲ್ಲೇ ಹೆಚ್ಚಾಗಿ ಇಡಲಾಯಿತು. ಬೈಬಲ್ಲಿನ ಯೋಬನಂತೆ ದೇವರ ಜೊತೆ ಜಗಳಾಡುವ ಅವರ ಕವಿತೆಗಳು ಆ ಚೌಕಟ್ಟಿಗೆ ಹಿಡಿಸುವುದಿಲ್ಲ. ಭಕ್ತೆ ಎಂಬ ಕಾರಣಕ್ಕೆ ಆಧುನಿಕರು ದೂರವಿಡುತ್ತಾರೆ, ಆಧುನಿಕಳು ಎಂಬ ಕಾರಣಕ್ಕೆ ಭಕ್ತರು ಅನುಮಾನಿಸುತ್ತಾರೆ. ಕ್ರೈಸ್ತ ಕವಯಿತ್ರಿ ಈ ಎರಡರ ನಡುವೆ ಸಿಕ್ಕಿಹಾಕಿಕೊಂಡವಳು.

ನಮ್ಮ ಮಣ್ಣಿಗೆ ನೇರ ನಂಟಿರುವ ಹೆಸರೆಂದರೆ ಪಂಡಿತಾ ರಮಾಬಾಯಿ. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳು ಸಂಸ್ಕೃತದಲ್ಲಿ ಆಶುಕವಿತೆ ಹೇಳಬಲ್ಲವಳಾದಳು. ಕಲ್ಕತ್ತೆಯ ಪಂಡಿತರು 1878ರಲ್ಲಿ ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಅಲ್ಲಿನ ಆಂಗ್ಲಿಕನ್ ಹಿರಿಯರ ಜೊತೆಗೂ ಜಟಾಪಟಿ. ಆಕೆ ಗಂಡುಮಕ್ಕಳಿಗೆ ಪಾಠ ಹೇಳುವುದಕ್ಕೆ ಬಿಷಪರು ಆಕ್ಷೇಪಿಸಿದರು. ಭಾರತದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದವಳು ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬರ್ಥದಲ್ಲಿ ರಮಾಬಾಯಿ 1885ರಲ್ಲಿ ಬರೆದರು. ಕ್ರಿಸ್ತನನ್ನು ಒಪ್ಪಿಕೊಂಡದ್ದು ಪಾದ್ರಿಗಳ ಅಧಿಕಾರ ಒಪ್ಪಿಕೊಂಡಂತಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಕೊನೆಗಾಲದಲ್ಲಿ ಹೀಬ್ರೂ, ಗ್ರೀಕ್ ಕಲಿತು, ಪುಣೆ ಬಳಿಯ ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ ಬೈಬಲ್ಲನ್ನು ಮರಾಠಿಗೆ ತಂದರು. ಮೊಳೆ ಜೋಡಿಸಿ ಅಚ್ಚು ಮಾಡಿದವರೂ ಅಲ್ಲಿನ ಹೆಂಗಸರೇ. ಅದು ಪೂರ್ತಿ ಪುಸ್ತಕವಾಗಿ ಬಂದದ್ದು 1924ರಲ್ಲಿ, ಅವರು ತೀರಿಕೊಂಡು ಎರಡು ವರ್ಷದ ಮೇಲೆ.

ಅದೇ ಮರಾಠಿಯಲ್ಲಿ ಲಕ್ಷ್ಮೀಬಾಯಿ ಟಿಳಕ್ ಇದ್ದಾರೆ. ಗಂಡ ನಾರಾಯಣ ವಾಮನ ಟಿಳಕ್ 1895ರಲ್ಲಿ ಕ್ರೈಸ್ತರಾದಾಗ ಸಿಡಿಲು ಬಡಿದಂತಾಗಿ, ಐದು ವರ್ಷದ ಮೇಲೆ ತಾವಾಗಿಯೇ ಆ ನಂಬಿಕೆಗೆ ಬಂದವರು. ಗಂಡ ಆರಂಭಿಸಿ ಬಿಟ್ಟುಹೋದ 'ಖ್ರಿಸ್ತಾಯನ' ಮಹಾಕಾವ್ಯದ ಅಧ್ಯಾಯಗಳಲ್ಲಿ ಬಹುಪಾಲು ಇವರವು. ಆದರೆ ಇಂದಿಗೂ 'ಖ್ರಿಸ್ತಾಯನ' ಎಂದೊಡನೆ ಹಲವರಿಗೆ ನೆನಪಾಗುವುದು ಟಿಳಕರ ಹೆಸರೇ.

ಕನ್ನಡದಲ್ಲಿ? ಕ್ರೈಸ್ತ ಸಾಹಿತ್ಯ ಎಂದರೆ ಮೋಗ್ಲಿಂಗ್, ಕಿಟೆಲ್, ಉತ್ತಂಗಿ ಚನ್ನಪ್ಪ ಎಂದು ನಾವು ಹೇಳುತ್ತೇವೆ. ಕಿಟೆಲ್ ಅವರ 1862ರ 'ಕಥಾಮಾಲೆ'ಯನ್ನೂ ಸೇರಿಸುತ್ತೇವೆ. ಹೆಣ್ಣಿನ ಹೆಸರು ತಟ್ಟನೆ ನಾಲಿಗೆಗೆ ಬರುವುದಿಲ್ಲ. ಮಂಗಳೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1921ರಲ್ಲೇ ಸಂತ ಆಗ್ನೆಸ್ ಕಾಲೇಜು ತೆರೆದು ಕರಾವಳಿಯ ಹೆಣ್ಣುಮಕ್ಕಳಿಗೆ ಪದವಿಯ ದಾರಿ ಮಾಡಿದರು. ಇಷ್ಟು ಜನರಿಗೆ ಅಕ್ಷರ ಕೊಟ್ಟ ಸಿಸ್ಟರ್‌ಗಳು ತಾವೇನು ಬರೆದರು? ಬರೆಯದೆ ಇರಲಿಲ್ಲ. ಶಾಲೆಯ ಪ್ರಾರ್ಥನೆ, ಸ್ವಾಗತಗೀತೆ, ಧರ್ಮಕೇಂದ್ರದ ಹಬ್ಬಕ್ಕೆ ಗಾನವೃಂದ ಹಾಡುವ ಹಾಡು, ವ್ರತಸ್ವೀಕಾರದ ದಿನದ ಗೀತೆ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಕವಿತೆ ಹೀಗೆ ಸಿಸ್ಟರ್‌ಗಳ ಬರವಣಿಗೆ ಹರಿದುಬಂದಿದೆ. ಎಷ್ಟೋ ಕಡೆ ಕೆಳಗೆ ಹೆಸರಿಲ್ಲ. ಲಿಸ್ಯೂದ ತೆರೇಸಾಳೂ ಬರೆದದ್ದು ಇಂಥ ಸಂದರ್ಭಗಳಿಗೇ ಎಂಬುದನ್ನು ಮರೆಯಬಾರದು. ಹೆಸರಿಲ್ಲದಿರುವುದನ್ನು ದೀನತೆ ಎಂದು ಹೊಗಳುವುದು ಸುಲಭ. ಹೆಸರು ಹಾಕುವ, ಬಿಡುವ ಆಯ್ಕೆ ಬರೆದವಳ ಕೈಯಲ್ಲಿದ್ದರೆ ಮಾತ್ರ ಅದು ದೀನತೆ. ಪ್ರೊಟೆಸ್ಟೆಂಟರಲ್ಲೂ ಹೀಗೆಯೇ. ಅಂಧೆಯಾಗಿದ್ದು ಎಂಟು ಸಾವಿರಕ್ಕೂ ಹೆಚ್ಚು ಕೀರ್ತನೆ ಬರೆದ ಅಮೆರಿಕದ ಫ್ಯಾನಿ ಕ್ರಾಸ್ಬಿ ಸುಮಾರು ಇನ್ನೂರು ಗುಪ್ತನಾಮಗಳಲ್ಲಿ ಬರೆದರು, ಒಂದೇ ಹೆಸರು ಪುಸ್ತಕದ ತುಂಬ ಕಾಣುವುದು ಪ್ರಕಾಶಕರಿಗೆ ಬೇಡವಾಗಿತ್ತು. ಅವರ ಹಾಡುಗಳು ಭಾರತೀಯ ಭಾಷೆಗಳಲ್ಲೂ ಇವೆ. ಹಾಡುವವರಿಗೆ ರಾಗ ಗೊತ್ತು, ಹೆಸರು ಗೊತ್ತಿಲ್ಲ.

ಬದಲಾವಣೆಗಳು ಬರುತ್ತಿವೆ. 2023ರ ಅಕ್ಟೋಬರ್‌ನಲ್ಲಿ ಧರ್ಮಸಭೆಯ ವಿಷಯಗಳನ್ನು ಚರ್ಚಿಸುವ ಬಿಷಪರ ಸಮಾವೇಶವಾದ ವ್ಯಾಟಿಕನ್ ಸಿನಡ್‌ನಲ್ಲಿ ಮೊದಲ ಬಾರಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಮತ ಹಾಕಿದರು. ಜಗತ್ತಿನ ಸಂನ್ಯಾಸ ಸಭೆಗಳ ಉಸ್ತುವಾರಿ ನೋಡುವ ವ್ಯಾಟಿಕನ್ ಇಲಾಖೆಗೆ 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಮುಖ್ಯಸ್ಥೆಯಾದರು, ಆ ಮಟ್ಟಕ್ಕೆ ಏರಿದ ಮೊದಲ ಮಹಿಳೆ. ಜೊತೆಗೆ ಒಬ್ಬ ಕಾರ್ಡಿನಲ್‌ರನ್ನೂ ನೇಮಿಸಿದ್ದು ಬೇರೆ ಮಾತು. ಬರವಣಿಗೆಯ ಅನುಮತಿಯಂಥ ವಿಷಯಗಳನ್ನು ಸ್ಪಷ್ಟಪಡಿಸುವ ಶಕ್ತಿ ಈಗ ಒಬ್ಬ ಸಿಸ್ಟರ್ ಕೂತಿರುವ ಆ ಕಚೇರಿಗಿದೆ. ಅನುಮತಿ ಕೇಳಿದ ಬರಹಕ್ಕೆ ನಿಗದಿತ ಅವಧಿಯೊಳಗೆ ಉತ್ತರ, ನಿರಾಕರಿಸಿದರೆ ಲಿಖಿತ ಕಾರಣ, ಸಾಹಿತ್ಯ ಬಲ್ಲವರೊಬ್ಬರ ಅಭಿಪ್ರಾಯ, ಮೇಲ್ಮನವಿಗೆ ದಾರಿ ಇಷ್ಟನ್ನು ಕೇಳುವುದು ವಿಧೇಯತೆಯ ವ್ರತಕ್ಕೆ ಧಕ್ಕೆ ತರುವುದಿಲ್ಲ.

ನಮ್ಮ ದೇಶದ ಕಾನೂನಿನ ಕಡೆಯಿಂದಲೂ ಒಂದು ಆಸರೆ ಇದೆ, ಅದರ ಬಗ್ಗೆ ಚರ್ಚೆ ಕಡಿಮೆ. ಸಂನ್ಯಾಸ ತೆಗೆದುಕೊಂಡವರು ಲೌಕಿಕವಾಗಿ ಸತ್ತಂತೆ, ಅವರ ಸಂಬಳ ಸಭೆಗೆ ಸೇರುತ್ತದೆ, ಆದ್ದರಿಂದ ತೆರಿಗೆ ಹಿಡಿಯಬಾರದು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಒಪ್ಪಲಿಲ್ಲ. ಅನುದಾನಿತ ಶಾಲೆಯಲ್ಲಿ ಕಲಿಸುವ ಸಿಸ್ಟರ್ ದೇಶದ ಕಾನೂನಿನ ಕಣ್ಣಲ್ಲಿ ಸಂಬಳ ಪಡೆಯುವ ವ್ಯಕ್ತಿಯೇ. ಬರಹಕ್ಕೂ ಹೀಗೆಯೇ. ದುಡಿಮೆಯ ಫಲ ಸಭೆಗೆ ಸೇರಬೇಕೆಂದು ಧರ್ಮಸಂಹಿತೆ ಹೇಳಬಹುದು, ಪುಸ್ತಕದ ಗೌರವಧನವನ್ನು ಸಿಸ್ಟರ್ ಸಭೆಗೇ ಕೊಡಬಹುದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕುಗಳನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟ ಮೇಲೂ ಇದು ನಾನು ಬರೆದದ್ದು ಎಂದು ಹೇಳುವ ಹಕ್ಕು ಬರೆದವರ ಬಳಿಯೇ ಉಳಿಯುತ್ತದೆ. ತನ್ನ ಹೆಸರಿಗೆ ಕುಂದು ಬರುವಂತೆ ಬರಹವನ್ನು ತಿರುಚಿದರೆ ತಡೆಯುವ ಹಕ್ಕೂ ಅದರಲ್ಲಿದೆ. ಧರ್ಮಕೇಂದ್ರಗಳು, ಶಾಲೆಗಳು ಹಾಡಿನ ಪುಸ್ತಕವನ್ನು ಮರುಮುದ್ರಿಸುವಾಗ ಹಳೆಯ ಕಡತ ತೆಗೆದು, ಬದುಕಿರುವ ಹಿರಿಯ ಸಿಸ್ಟರ್‌ಗಳನ್ನು ಕೇಳಿ, ಯಾವ ಹಾಡು ಯಾರದು ಎಂದು ಬರೆದಿಟ್ಟುಕೊಳ್ಳಬೇಕು. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ, ಆದ್ದರಿಂದ ಈ ಕೆಲಸ ಈ ವರ್ಷವೇ ಆಗಬೇಕು.